ವಾಟ್ನಿಗೆ ಬಂದ ರೌಟರ್

ತವರುಮನೆ ಎರಡಾದಾಗ ಎಲ್ಲವೂ ಒಂದೇ ದಿನದಲ್ಲಿ ಹಂಚಿಹೋಯಿತು, ರೌಟರ್ ಒಂದನ್ನು ಬಿಟ್ಟು. ಹೊಲ ಅಳೆಯುವುದು, ಬಣವೆ ಪಾಲು ಮಾಡುವುದು ಗೊತ್ತಿದ್ದ ಮಂದಿಗೆ ಅಂಗೈಯಗಲದ ಆ ಬಿಳಿ ಡಬ್ಬಿಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅದಕ್ಕೇ ನನ್ನನ್ನು ಎರಡನೆಯ ಸಲ ತವರೂರು ಮನೋಳಿಗೆ ಕರೆಸಿದರು.

ಮೊದಲನೆಯ ಸಲ ಕರೆಸಿದ್ದು ವಾಟ್ನಿ ಪತ್ರಕ್ಕೆ, ಅಂದರೆ ಆಸ್ತಿ ಪಾಲಿನ ಕಾಗದಕ್ಕೆ, ಸಹಿ ಹಾಕಲು. ಅಪ್ಪ ಹೋದ ಮೇಲೆ ಅಣ್ಣ ತಮ್ಮ ಎರಡು ವರ್ಷ ಹೇಗೋ ಒಟ್ಟಿಗಿದ್ದರು, ಆಮೇಲೆ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಕಾರಣ ಹೇಳುತ್ತಾರೆ. ಎರಡೂ ಸಣ್ಣವು. ಊರಿನ ಇಬ್ಬರು ಹಿರಿಯರು ಪಡಸಾಲೆಯಲ್ಲಿ ಕೂತು, ಎತ್ತಿನ ಜೋಡಿ ಅಣ್ಣನಿಗೆ, ಟ್ರ್ಯಾಕ್ಟರ್ ತಮ್ಮನಿಗೆ, ಪಡಸಾಲೆಯ ನಟ್ಟನಡುವೆ ಇಟ್ಟಂಗಿ ಗೋಡೆ ಎಂದು ಬರೆಸಿದರು. ಮಗಳಾದ ನನಗೆ ಏನೂ ಬೇಡವೆಂದು ಬರೆದ ಸಾಲಿನ ಕೆಳಗೆ ನಾನು ಸಹಿ ಹಾಕಿದೆ. ಬೈಲಹೊಂಗಲದಲ್ಲಿ ನನಗೆ ಮನೆಯಿದೆ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸವಿದೆ. ಬೇಕೇನು ಎಂದು ಕೇಳಿದ್ದರೂ ಬೇಡವೆಂದೇ ಹೇಳುತ್ತಿದ್ದೆ. ಆದರೆ ಯಾರೂ ಕೇಳಲಿಲ್ಲ, ಅದರ ಸಿಟ್ಟು ವಾಪಸ್ ಬರುವ ಬಸ್ಸಿನಲ್ಲಿ ಯರಗಟ್ಟಿ ದಾಟುವ ತನಕ ಇತ್ತು. ವೈನಿ, ಅಂದರೆ ಅಣ್ಣನ ಹೆಂಡತಿ, ಉಡಿ ತುಂಬಿ ಕಳಿಸಿದ್ದರು. ಉಡಿಯ ಅಕ್ಕಿ ಮಡಿಲಲ್ಲಿ, ಸಿಟ್ಟು ಮೂಗಿನ ತುದಿಯಲ್ಲಿ.

ಬಾವಿಗೆ ಹಿರಿಯರು ಪಾಳಿ ಹಚ್ಚಿದ್ದರು. ಮಂಗಳವಾರ, ಗುರುವಾರ, ಶನಿವಾರ ಅಣ್ಣನ ನೀರು. ಬುಧವಾರ, ಶುಕ್ರವಾರ, ರವಿವಾರ ತಮ್ಮನ ನೀರು. ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಹಾಗಾಗಿ ಅದು ಯಾರ ದಿನವೂ ಅಲ್ಲದೆ ಉಳಿದಿತ್ತು. ಅದನ್ನು ಅವ್ವನಿಗೆ ಕೊಟ್ಟರು, ಅವಳ ಹಿತ್ತಲಿನ ಬದನೆಗಿಡ, ಮೆಣಸಿನಗಿಡಕ್ಕೆ. ಈ ಏರ್ಪಾಟು ಎಲ್ಲರಿಗೂ ಸರಿ ಕಂಡಿತು. ನಮ್ಮ ಕಡೆ ಅಣ್ಣತಮ್ಮಂದಿರ ಬಾವಿಗಳು ಹೀಗೇ ನಡೆಯುತ್ತವೆ, ಜಗಳವಿಲ್ಲದೆ ಎನ್ನುವುದಕ್ಕಿಂತ ಗೊತ್ತಿರುವಷ್ಟೇ ಜಗಳದಲ್ಲಿ.

ರೌಟರಿನ ತಕರಾರು ಗೋಡೆ ಎದ್ದ ಮೇಲೆ ಶುರುವಾಯಿತು. ಕನೆಕ್ಷನ್ ಅಣ್ಣನ ಹೆಸರಿನಲ್ಲಿತ್ತು, ಓಡಾಡಿ ಹಾಕಿಸಿದವನು ತಮ್ಮ. ತಮ್ಮನಿಗೆ ಬೇರೆಯದು ಕೊಡಿರೆಂದರೆ ಕೇಬಲ್ಲಿನವನು ಕಂಬದ ಮೇಲಿನ ಡಬ್ಬಿ ತುಂಬಿದೆ, ಹೊಸ ಡಬ್ಬಿ ಬಂದ ಮೇಲೆ ನೋಡೋಣ ಎಂದ. ಮನೆಯೊಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆಗಳು, ಫೋನಿನಲ್ಲಿ ನೆಟ್ಟಗೆ ಮಾತಾಡಬೇಕಾದರೆ ಮಾಳಿಗೆ ಹತ್ತಬೇಕು. ಗೌಂಡಿ ಹೊಸ ಗೋಡೆಯಲ್ಲಿ ಒಂದು ಇಟ್ಟಂಗಿ ಬಿಟ್ಟು ಗೂಡು ಮಾಡಿ, ರೌಟರನ್ನು ಅದರಲ್ಲಿ ಇಟ್ಟುಹೋಗಿದ್ದ. ಅತ್ತಲಿಂದಲೂ ಕಾಣುತ್ತಿತ್ತು, ಇತ್ತಲಿಂದಲೂ ಕಾಣುತ್ತಿತ್ತು. ಅಣ್ಣನ ಮಗ ಆಟ ಆಡುವಾಗ ತಮ್ಮನ ಮನೆಯ ಟಿವಿ ನಿಲ್ಲುತ್ತಿತ್ತು, ತಮ್ಮ ಗೂಡಿಗೆ ಕೈ ಹಾಕಿ ಸ್ವಿಚ್ ಆರಿಸುತ್ತಿದ್ದ, ಆಮೇಲೆ ಎರಡೂ ಕಡೆ ದನಿ ಏರುತ್ತಿತ್ತು.

ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದ ದಿನ ಹಿರಿಯರಿಬ್ಬರೂ ಅಣ್ಣನ ಕಡೆಯ ಪಡಸಾಲೆಯಲ್ಲಿ ಬಂದು ಕೂತಿದ್ದರು. ದೊಡ್ಡವರು ಎಲೆಗೆ ಸುಣ್ಣ ಹಚ್ಚುತ್ತ ತೀರ್ಪು ಕೊಟ್ಟೇಬಿಟ್ಟರು.

"ಬಾವಿಗೆ ಹೆಂಗೋ, ಇದಕ್ಕೂ ಹಂಗ. ಪಾಳಿ ಹಚ್ಚವಾ ತಂಗಿ."

"ಕಾಕಾ, ಇದು ನೀರಲ್ಲರಿ. ಇಬ್ಬರೂ ಕೂಡೇ ಬಳಸಬಹುದು. ಅರ್ಧ ಸ್ಪೀಡು ಆ ಮನಿಗೆ, ಅರ್ಧ ಈ ಮನಿಗೆ ಅಂತ ಹಂಚಿ ಇಡತೇನಿ. ಒಬ್ಬರದು ಒಬ್ಬರಿಗೆ ತಾಗೂದಿಲ್ಲ."

"ಅರ್ಧ ಅಂದ್ರ ಅರ್ಧ ಐತೋ ಇಲ್ಲೋ ನೋಡಾವ್ರು ಯಾರು? ದಿವಸ ಆದ್ರ ಎಲ್ಲಾರಿಗೂ ಕಾಣತೈತಿ. ಇವತ್ತ ಮಂಗಳವಾರ ಅಂದ್ರ ಮಂಗಳವಾರ."

ಸ್ಪೀಡು ಕಣ್ಣಿಗೆ ಕಾಣುವುದಿಲ್ಲ, ವಾರ ಕಾಣುತ್ತದೆ. ಅಣ್ಣ ಹೂಂ ಅಂದ, ಗೋಡೆಯ ಆಚೆಯಿಂದ ತಮ್ಮನೂ ಹೂಂ ಅಂದ. ಅವ್ವ ಮಾತ್ರ ಮೂಲೆಯಿಂದ, "ನನ್ನ ದಿವಸ ಇಬ್ಬರಿಗೂ ಬಿಡ್ರಿ" ಎಂದಳು.

ರೌಟರಿನೊಳಗೆ ಹೋಗುವುದು ಸುಲಭ. ಮೇಲುಮೇಲಿನ ಪುಟದಲ್ಲಿ ಹೆಸರು, ಪಾಸ್‌ವರ್ಡ್, ಇಷ್ಟೇ. ಒಂದು ಮೂಲೆಯಲ್ಲಿ ಅಡ್ವಾನ್ಸ್ಡ್ ಎಂದು ಬರೆದಿರುತ್ತದೆ, ಹೆಚ್ಚಿನವರು ಅದನ್ನು ಒತ್ತುವುದೇ ಇಲ್ಲ. ನನಗೆ ಅದೇ ಇಷ್ಟ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಇದನ್ನೆಲ್ಲ ನಾನೇ ಮಾಡಿಕೊಂಡಿದ್ದೇನೆ, ಹೇಳಿಕೊಟ್ಟವರಿಲ್ಲ. ಒಳಗೆ ಹೋದರೆ ಯಾವ ಯಂತ್ರ ಯಾವಾಗ ಒಳಗೆ ಬರಬೇಕು, ಎಷ್ಟು ಹೊತ್ತು ಇರಬೇಕು, ಯಾವುದನ್ನು ಬಾಗಿಲಲ್ಲೇ ತಡೆಯಬೇಕು ಎಲ್ಲವನ್ನೂ ಬರೆದಿಡಬಹುದು. ಪ್ರತಿ ಫೋನಿಗೂ ಟಿವಿಗೂ ಹನ್ನೆರಡು ಅಕ್ಷರ-ಅಂಕಿಗಳ ಒಂದು ನಂಬರ್ ಇರುತ್ತದೆ. ಅವನ್ನೆಲ್ಲ ಕೂಡಿಹಾಕಿ ಅಣ್ಣನ ಗುಂಪು, ತಮ್ಮನ ಗುಂಪು ಎಂದು ಎರಡು ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಪ್ರವೇಶವಿಲ್ಲ.

ದಿನಗಳನ್ನು ಹಾಕುವಾಗ ಇನ್ನೊಂದು ತೊಡಕು ಬಂತು. ನಾನು ಸಹಜವಾಗಿ ರಾತ್ರಿ ಹನ್ನೆರಡರಿಂದ ಹನ್ನೆರಡಕ್ಕೆ ಎಂದು ಹಾಕುತ್ತಿದ್ದೆ. ಹಿರಿಯರು ನಕ್ಕರು.

"ರಾತ್ರಿ ಹನ್ನೆರಡಕ್ಕ ದಿವಸ ಬದಲಾಕ್ಕೈತೇನವಾ? ಅದು ನಿಮ್ಮ ಗಡಿಯಾರದವ್ರ ಮಾತು. ಹೊತ್ತು ಹುಟ್ಟಿದ ಮ್ಯಾಲ ದಿವಸ. ಬಾವಿ ಪಾಳಿನೂ ಹಂಗ ಐತಿ."

ಸರಿ, ಬೆಳಗಿನ ಆರರಿಂದ ಮರುದಿನ ಆರರ ತನಕ. ಯಂತ್ರಕ್ಕೆ ಅಂಥ ದಿನ ಗೊತ್ತಿಲ್ಲ. ಪ್ರತಿ ಪಾಳಿಯನ್ನೂ ಎರಡು ತುಂಡು ಮಾಡಿ, ಮಂಗಳವಾರ ಆರರಿಂದ ನಡುರಾತ್ರಿ, ಬುಧವಾರ ನಡುರಾತ್ರಿಯಿಂದ ಆರು ಎಂದು ಬಿಡಿಬಿಡಿಯಾಗಿ ಬರೆದೆ. ಇಷ್ಟರಲ್ಲಿ ರೌಟರಿನ ಗಡಿಯಾರ ಬೇರೆ ಯಾವುದೋ ದೇಶದ ಹೊತ್ತು ತೋರಿಸುತ್ತಿತ್ತು, ನಮಗಿಂತ ಐದೂವರೆ ತಾಸು ಹಿಂದೆ. ಅದನ್ನು ಹಾಗೇ ಬಿಟ್ಟು ಹನ್ನೆರಡಕ್ಕೆ ಹನ್ನೆರಡು ಹಾಕಿದ್ದರೆ ಪಾಳಿ ತಾನಾಗಿ ನಸುಕಿನ ಐದೂವರೆಗೆ ಬದಲಾಗುತ್ತಿತ್ತು, ಹೆಚ್ಚುಕಡಿಮೆ ಹಿರಿಯರು ಹೇಳಿದಂತೆಯೇ. ಆದರೆ ತಪ್ಪು ಗಡಿಯಾರವನ್ನು ನೋಡಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಮೊದಲು ಅದನ್ನು ತಿದ್ದಿ, ಆಮೇಲೆ ಉಳಿದದ್ದು.

ಹೊಸ ಫೋನುಗಳಿಗೆ ತಮ್ಮ ನಿಜವಾದ ನಂಬರ್ ಮುಚ್ಚಿಟ್ಟು ವೇಷದ ನಂಬರ್ ತೋರಿಸುವ ಚಾಳಿಯಿದೆ. ಒಂದೊಂದನ್ನೇ ಇಸಿದುಕೊಂಡು ಆ ವೇಷ ಕಳಚಿಸಿದೆ. ತಮ್ಮನ ಕಡೆಯವನ್ನು ಗೂಡಿನಿಂದ ದಾಟಿಸುತ್ತಿದ್ದರು. ಕೊನೆಗೆ ತಮ್ಮನ ಹೆಂಡತಿ ಹಿತ್ತಲಿನಿಂದ ಸುತ್ತಿ ಅಣ್ಣನ ಕಡೆಯ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಒಂದು ಟ್ಯಾಬ್. "ಅಕ್ಕಾರ, ಇದರ ನಂಬರೂ ಬೇಕೇನರಿ?" ಎಂದಳು. ಬೇಕು ಅಂದೆ. ಅವಳು ಓದಿ ಹೇಳಿದಳು, ನಾನು ತಮ್ಮನ ಪಟ್ಟಿಗೆ ಹಾಕಿದೆ. ಆಮೇಲೂ ಅವಳು ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದಳು. ಹಿರಿಯರು ಕೂತಿದ್ದರು, ಅಣ್ಣ ಕೂತಿದ್ದ, ಅವಳು ಬಾಯಿ ಬಿಡಲಿಲ್ಲ. ನಾನೂ ತಲೆ ಎತ್ತಲಿಲ್ಲ. ನಾನು ಕೆಲಸದಲ್ಲಿದ್ದೆ.

ಎಲ್ಲ ಮುಗಿದ ಮೇಲೆ ಆ ಒಳಗಿನ ಪುಟದ ಪಾಸ್‌ವರ್ಡ್ ಯಾರ ಹತ್ತಿರ ಇರಬೇಕೆಂಬ ಮಾತು ಬಂತು. ಅಣ್ಣನಿಗೂ ಬೇಡ, ತಮ್ಮನಿಗೂ ಬೇಡ, ತಂಗಿಯ ಹತ್ತಿರ ಇರಲಿ ಎಂದು ಹಿರಿಯರು ಹೇಳಿದರು. ನನ್ನ ಫೋನಿನಲ್ಲಿ ಅದರ ಆ್ಯಪ್ ಇದೆ, ಬೈಲಹೊಂಗಲದಲ್ಲಿ ಕೂತೇ ತೆಗೆಯಬಹುದು, ಹಾಕಬಹುದು. ಅವತ್ತು ನಾನು ಬಹಳ ಖುಷಿಯಿಂದ ಬಸ್ಸು ಹತ್ತಿದೆ. ಆ ಮನೆಯಲ್ಲಿ ನನಗೂ ಒಂದು ಅಧಿಕಾರ ಬಂದಿತ್ತು, ಸುಳ್ಳೇಕೆ ಹೇಳಲಿ.

ಮರು ಮಂಗಳವಾರ ಸಂಜೆ ತಮ್ಮನ ಹೆಂಡತಿಯ ಫೋನು ಬಂತು. ಮಾಳಿಗೆಯ ಮೇಲಿಂದ ಮಾತಾಡುತ್ತಿದ್ದಳು, ಗಾಳಿಯ ಸದ್ದು ಕೇಳುತ್ತಿತ್ತು.

"ಅಕ್ಕಾರ, ನನ್ನ ಕ್ಲಾಸು ಮಂಗಳವಾರ, ಗುರುವಾರ, ಶನಿವಾರರಿ. ಮಧ್ಯಾಹ್ನ ಮೂರಕ್ಕ. ಆ ಮೂರೂ ದಿವಸ ನಿಮ್ಮಣ್ಣಾರ ಪಾಳಿಗೆ ಹೋಗ್ಯಾವ."

ಅವಳು ಆರಿ ಕಸೂತಿ ಕಲಿಸುತ್ತಾಳೆಂದು ನನಗೆ ಗೊತ್ತಿತ್ತು. ಮದುವೆಯ ರವಿಕೆಗಳ ಮೇಲೆ ಮಣಿ, ಜರಿ ಕೂರಿಸುವ ಕೆಲಸ. ಟ್ಯಾಬ್ ಎದುರಿಗಿಟ್ಟು ಕಲಿಸುತ್ತಾಳೆ, ರಾಮದುರ್ಗ, ಸವದತ್ತಿ, ಕಿತ್ತೂರು, ಸಂಗೊಳ್ಳಿ ಕಡೆಯ ಹೆಣ್ಣುಮಕ್ಕಳು ಕಲಿಯುತ್ತಾರೆ ಎಂಬುದೂ ಗೊತ್ತಿತ್ತು. ಯಾವ ದಿನ ಎಂಬುದು ಗೊತ್ತಿರಲಿಲ್ಲ. ದಿನಗಳನ್ನು ಬರೆದ ನಾನು ಅದನ್ನು ಕೇಳಿರಲಿಲ್ಲ.

"ನಿನ್ನ ಪಾಳಿ ದಿವಸಕ್ಕ ಕ್ಲಾಸ್ ಬದಲಿ ಮಾಡ್ಕೊಳ್ಳಾಕ ಆಗೂದಿಲ್ಲೇನು?"

"ಬುಧವಾರ ಅರ್ಧ ಮಂದಿಗೆ ಸಂತಿರಿ. ಶುಕ್ರವಾರ ಮನಿ ಸಾರ್ಸೂದು, ಪೂಜಿ. ರವಿವಾರ ಗಂಡಸರು ಹುಡುಗೂರು ಎಲ್ಲಾ ಮನ್ಯಾಗ, ಯಾರ ಬಂದು ಕುಂದರತಾರರಿ? ಕೇಳಿ ಕೇಳಿ ಹಚ್ಚಿದ್ದ ದಿವಸ ಅವು. ಎರಡು ವರ್ಷ ಆತು."

ಅಲ್ಲೇ, ಆ ಕ್ಷಣದಲ್ಲೇ, ನಾನು ಆ್ಯಪ್ ತೆರೆದು ನಾಲ್ಕು ಸಲ ಬೆರಳು ಒತ್ತಿದ್ದರೆ ಮುಗಿಯುತ್ತಿತ್ತು. ಒತ್ತಲಿಲ್ಲ. ಹಿರಿಯರು ನಂಬಿ ಕೊಟ್ಟದ್ದು, ನಾಳೆ ತಂಗಿ ತಮ್ಮನ ಕಡೆ ವಾಲಿದಳು ಎಂಬ ಮಾತು ಬರುತ್ತದೆ, ಪಾಳಿ ಅಂದರೆ ಪಾಳಿ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಅಣ್ಣನ ಹತ್ತಿರ ಮಾತಾಡುತ್ತೇನೆ ಅಂದೆ. ಮಾತಾಡಿದೆ ಕೂಡ.

ಅಣ್ಣ ಪೂರ್ತಿ ಕೇಳಿಸಿಕೊಂಡ. "ವಾಟ್ನಿ ಆಗೇತಿ ತಂಗಿ. ಇವತ್ತ ಇದನ್ನ ಬಿಟ್ರ ನಾಳೆ ಬಾವಿ ಬಿಡಂತಾನ. ಅವನಿಗೆ ಬೇಕಂದ್ರ ಅವನ ಬಂದು ಕೇಳ್ಲಿ" ಎಂದ. ತಮ್ಮನಿಗೆ ಹೇಳಿದರೆ, "ನಾ ಯಾಕ ಹೋಗಿ ಕೈ ಒಡ್ಡಲಿ?" ಎಂದ. ಅವಳ ಕ್ಲಾಸಿನ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ನಾನು ನನ್ನ ಕೆಲಸ ಮುಗಿಯಿತೆಂದು ಉತ್ತರಪತ್ರಿಕೆ ತಿದ್ದಲು ಕೂತೆ.

ಮೂರು ವಾರದ ಮೇಲೆ ಸ್ಟಾಫ್ ರೂಮಿನಲ್ಲಿ ಈ ವಿಷಯ ಮತ್ತೆ ಎದುರಿಗೆ ಬಂತು. ಸಂಗೊಳ್ಳಿಯಿಂದ ದಿನಾ ಓಡಾಡುವ ನನ್ನ ಸಹೋದ್ಯೋಗಿಯ ನಾದಿನಿ ಆ ಕ್ಲಾಸಿನಲ್ಲಿ ಕಲಿಯುತ್ತಿದ್ದಳು.

"ಬಾಯಾರ, ನಿಮ್ಮ ತಮ್ಮನ ಹೆಂಡ್ತಿಗೆ ಏನಾಗೇತ್ರಿ?" ಎಂದು ಅವರು ಕೇಳಿದರು, ನಮ್ಮಲ್ಲಿ ಟೀಚರಿಗೆ ಬಾಯಾರು ಎನ್ನುವುದೇ ರೂಢಿ. "ಮಾಳಗಿ ಮ್ಯಾಲ ಬಿಸಲಾಗ ಕುಂತು ಕಲಿಸಾಕತ್ತಾರಂತ. ಚಿತ್ರ ನಿಂತು ನಿಂತು ಬರತೈತಂತ. ಹನ್ನೊಂದು ಮಂದಿ ಇದ್ರು, ಈಗ ನಾಕು ಮಂದಿ ಉಳದಾರ. ನಮ್ಮ ನಾದಿನಿನೂ ಬಿಡತೇನಿ ಅನ್ನಾಕತ್ತಾಳ."

ಆರಿಯ ಸೂಜಿಗೆ ತುದಿಯಲ್ಲಿ ಸಣ್ಣ ಕೊಕ್ಕೆ ಇರುತ್ತದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲಿನಿಂದ ಅದನ್ನು ಇಳಿಸಿ, ಕೆಳಗೆ ಹಿಡಿದ ದಾರವನ್ನು ಎತ್ತಿ ತರಬೇಕು. ಕಲಿಯುವವರು ನೋಡಬೇಕಾದದ್ದು ಆ ಎತ್ತುವ ಗಳಿಗೆಯನ್ನೇ. ಅಲ್ಲಿ ಚಿತ್ರ ನಿಂತುಬಿಟ್ಟರೆ ಸೂಜಿ ಇಳಿದದ್ದು ಕಾಣುತ್ತದೆ, ಎದ್ದದ್ದು ಕಾಣುವುದಿಲ್ಲ, ಪಾಠ ಆಗುವುದಿಲ್ಲ. ಇದನ್ನು ಆ ಸಹೋದ್ಯೋಗಿ ನನಗೆ ಸೆರಗಿನ ತುದಿ ಹಿಡಿದು ತೋರಿಸಿದರು. ನಾನು ಚೆನ್ನಾಗಿ ಅರ್ಥವಾದವಳಂತೆ ತಲೆ ಆಡಿಸಿದೆ. ಈ ನಾಲ್ವರೂ ಹೋದರೆ ಅವಳಿಗೆ ಎರಡು ವರ್ಷದಲ್ಲಿ ಕಟ್ಟಿದ್ದು ಏನೂ ಉಳಿಯುವುದಿಲ್ಲ ಎಂಬುದು ಮಾತ್ರ ನಿಜವಾಗಿ ಅರ್ಥವಾಗಿತ್ತು. ನನಗೆ ನಾಚಿಕೆಯಾಯಿತು. ಆದರೂ ಅವತ್ತು ನಾನು ಏನೂ ಮಾಡಲಿಲ್ಲ. ಮುಂದಿನ ಸೋಮವಾರ ಊರಿಗೆ ಹೋಗಿ ಎಲ್ಲರನ್ನೂ ಕೂಡಿಸಿ ಮಾತಾಡುವುದು ಎಂದುಕೊಂಡೆ. ಸೋಮವಾರ ಬಂತು, ಶಾಲೆಗೆ ತಪಾಸಣೆಗೆ ಬರುತ್ತಾರೆಂದು ರಜೆ ಸಿಗಲಿಲ್ಲ.

ಮರುದಿನ ಮಂಗಳವಾರ. ಊಟದ ಬಿಡುವು ಮುಗಿದು ನನಗೆ ಪಾಠವಿಲ್ಲದ ಹೊತ್ತಿನಲ್ಲಿ ವೈನಿಯ ವಾಟ್ಸಾಪ್ ಕಾಲ್ ಬಂತು. ವೈನಿ ಸಾಮಾನ್ಯವಾಗಿ ಫೋನು ಮಾಡುವವರಲ್ಲ. ಮಾಡಿದರೆ ಮೊದಲು ಹತ್ತು ನಿಮಿಷ ನನ್ನನ್ನು ಚಾಷ್ಟಿ ಮಾಡಿ ಕಾಡಿಸುತ್ತಾರೆ.

"ಏನರಿ ಬಾಯಾರ, ಸಾಲ್ಯಾಗ ಹುಡುಗೂರಿಗೂ ಪಾಳಿ ಹಚ್ಚೀರೇನು?"

ನಾನು ನಕ್ಕೆ. ಅವರು ನೆಟ್ಟಗೆ ವಿಷಯಕ್ಕೆ ಬಂದರು. ಹೊಸ ಫೋನು ತಗೊಂಡಿದ್ದಾರೆ, ವೈಫೈ ಹತ್ತುತ್ತಿಲ್ಲ, ಪಟ್ಟಿಗೆ ಸೇರಿಸಬೇಕು, ನಂಬರ್ ಬರೆದುಕೊಂಡಿದ್ದಾರೆ. ವೈನಿ ಏಳನೆಯ ಇಯತ್ತೆಯ ತನಕ ಓದಿದವರು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದೇ ಹುಡುಕಿ ಹೇಳಿದರು. ಹನ್ನೆರಡೂ ಬಂದವು. ನಾನು ಅಣ್ಣನ ಪಟ್ಟಿ ತೆರೆದು ಹೊಡೆದೆ. ಸೇವ್ ಒತ್ತಿದರೆ ಆಗಲಿಲ್ಲ. ಈ ನಂಬರ್ ಆಗಲೇ ಇನ್ನೊಂದು ಗುಂಪಿನಲ್ಲಿದೆ ಎಂದು ಕೆಂಪು ಸಾಲು ಬಂತು. ನೋಡಿದರೆ ತಮ್ಮನ ಗುಂಪು, ಕೊನೆಯ ಸಾಲು.

"ವೈನಿ, ಇದು ಹೊಸ ಫೋನಲ್ಲರಿ. ಆ ಮನಿ ಟ್ಯಾಬಿನ ನಂಬರಿದು."

ಆ ಕಡೆ ಫೋನಿನಿಂದ ದೂರದಲ್ಲಿ ಇನ್ನೊಂದು ದನಿ, "ಅವರಿಗೆ ಗೊತ್ತಾತರಿ ಅಕ್ಕಾ, ಬಿಡ್ರಿ, ಇಟ್ಟಬಿಡ್ರಿ" ಎಂದದ್ದು ಕೇಳಿಸಿತು. ತಮ್ಮನ ಹೆಂಡತಿಯ ದನಿ. ಈ ನೆಗೆಣ್ಣಿಯರಿಬ್ಬರೂ ಗೋಡೆ ಎದ್ದ ದಿನದಿಂದ ಮಾತು ಬಿಟ್ಟಿದ್ದಾರೆಂದು ಇಡೀ ಬಳಗ ತಿಳಿದಿತ್ತು. ನಾನೂ ಹಾಗೇ ತಿಳಿದಿದ್ದೆ.

"ನೀವು ಮಾತಾಡತೀರಾ?" ಎಂದುಬಿಟ್ಟೆ.

"ಗಂಡಸರು ಹೊಲಕ್ಕ ಹೋದ ಮ್ಯಾಲ ದಿನಾ ಮಾತಾಡತೇವಿ" ಎಂದರು ವೈನಿ. "ಗ್ವಾಡಿ ಕಟ್ಟಾಗ ನಮ್ಮನ್ನ ಯಾರೂ ಕೇಳಲಿಲ್ಲ. ಪಾಳಿ ಹಚ್ಚಾಗ ಕೇಳಲಿಲ್ಲ. ಅವರು ಬಿಡ್ರಿ, ಕೇಳಾವ್ರಲ್ಲ. ನೀವು ಸಾಲಿ ಕಲಿಸಾವ್ರು, ನೀವೂ ಕೇಳಲಿಲ್ಲ. ಆಕಿ ಬಾಗಲದಾಗ ನಿಂತಿದ್ಲು."

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಪಕ್ಕದಲ್ಲಿ ಮೂವರು ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ತಪ್ಪಾಯಿತು ಎಂದೆ. ಇಷ್ಟು ವರ್ಷದಲ್ಲಿ ವೈನಿಗೆ ಆ ಮಾತನ್ನು ನಾನು ಮೊದಲ ಸಲ ಹೇಳಿದ್ದು. ಅವರು ಅದನ್ನು ಕೇಳಿಸಿಕೊಂಡ ಹಾಗೆ ತೋರಿಸಲಿಲ್ಲ.

"ಪಾಳಿನ ತಗದಬಿಡತೇನಿ ವೈನಿ, ಈಗಿಂದೀಗ. ಎರಡೂ ಮನಿಗೆ ಏಳೂ ದಿವಸ. ಹಿರಿಯರಿಗೆ, ಅಣ್ಣಗ ನಾ ಹೇಳತೇನಿ."

"ಬ್ಯಾಡ, ಬ್ಯಾಡ. ಪಾಳಿ ಹಂಗ ಇರಲಿ. ಅದರಿಂದ ಇಬ್ಬರೂ ಸಮಾಧಾನ ಆಗ್ಯಾರ. ಅದನ್ನ ತಗದ್ರ ಮತ್ತ ಪಂಚಾಯ್ತಿ ಕುಂದರತೈತಿ, ಮತ್ತೊಂದ ಗ್ವಾಡಿ ಏಳತೈತಿ. ಇದೊಂದ ನಂಬರ ನನ್ನ ಹೆಸರಿನ್ಯಾಗ ಹಾಕ್ರಿ, ಸಾಕು. ನಿಮ್ಮಣ್ಣಾರು ಎಂದರ ನೋಡಿದ್ರೂ ನಂದು ಅಂತ ಸುಮ್ಮನಾಕ್ಕಾರ."

ಆ ಟ್ಯಾಬನ್ನು ತಮ್ಮನ ಗುಂಪಿನಿಂದ ತೆಗೆದೆ. ಹೊಸದೊಂದು ಸಾಲು ಮಾಡಿ, ಎದುರಿಗೆ ವೈನಿಯ ಹೆಸರು ಹೊಡೆದು, ದಿನದ ಜಾಗದಲ್ಲಿ ಏಳೂ ದಿನ ಎಂದು ಆರಿಸಿದೆ. ಅಷ್ಟು ಮಾಡುತ್ತ ನನಗೆ ಇನ್ನೊಂದು ಹೊಳೆಯಿತು. ಈ ಪಾಸ್‌ವರ್ಡ್ ನಾನು ಇಟ್ಟುಕೊಂಡು ಮಾಡುವುದಾದರೂ ಏನು? ಮುಂದೆ ಇಂಥದ್ದು ಬಂದಾಗ ಇವರಿಬ್ಬರು ಬೈಲಹೊಂಗಲಕ್ಕೆ ಫೋನು ಮಾಡಿ ಕಾಯಬೇಕೇ?

"ವೈನಿ, ಒಳಗಿನ ಪಾಸ್‌ವರ್ಡ್ ಬರಕೋರಿ. ನಿಮ್ಮ ಹತ್ರನ ಇರಲಿ. ಹೆಂಗ ತಗೀಬೇಕು, ಹೆಂಗ ಹಾಕಬೇಕು ಎಲ್ಲಾ ಹೇಳಿಕೊಡತೇನಿ."

ವೈನಿ ಯೋಚಿಸಲೇ ಇಲ್ಲ.

"ನಮಗ ಬ್ಯಾಡರಿ ಅದು. ನಮ್ಮ ಕಡೆ ಇದ್ರ ಒಂದಿಲ್ಲ ಒಂದಿವಸ ಕೇಳತಾರ, ತಗೋತಾರ. ನಿಮ್ಮ ಹತ್ರ ಇದ್ರ ಚಿಂತಿಲ್ಲ. ನೀವು ಕೊಟ್ಟ ಹೆಣ್ಣು, ನಿಮ್ಮನ್ನ ಯಾರ ಕೇಳತಾರು?"

ಅವರು ಅದನ್ನು ನೋಯಿಸಲೆಂದು ಹೇಳಲಿಲ್ಲ. ಇಂಥ ಡಬ್ಬಿಯಲ್ಲಿಟ್ಟರೆ ಇರುವೆ ಹತ್ತುವುದಿಲ್ಲ ಎಂದು ಹೇಳುವ ದನಿಯಲ್ಲಿ ಹೇಳಿದರು. ನನಗೆ ನಟ್ಟಿತು, ಆದರೆ ತಿದ್ದಲು ಅದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಸೇವ್ ಒತ್ತಿದೆ. ಈ ಸಲ ಕೆಂಪು ಸಾಲು ಬರಲಿಲ್ಲ. ಆಚೆಯಿಂದ ತಮ್ಮನ ಹೆಂಡತಿ, "ಹತ್ತೇತ್ರಿ, ಹತ್ತೇತಿ" ಎಂದು ಕೂಗಿದ್ದು ಕೇಳಿಸಿತು. ಗೋಡೆಯ ಗಡಿಯಾರ ನೋಡಿದೆ. ಮೂರಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.